ನಗಾರಿ ಬಿಡಿಸುವ ಪಾಠ

"ನಗಾರಿಯ ಬಾಯಿ ದುಂಡಗಿದೆ ಅಂತ ನಿಮಗೆಲ್ಲ ಗೊತ್ತು. ಆದ್ರೆ ಗೊತ್ತಿರೋದನ್ನ ಬರೀಬೇಡಿ, ಕಣ್ಣಿಗೆ ಕಂಡಿದ್ದನ್ನ ಬರೀರಿ," ಎನ್ನುತ್ತಾ ಡ್ರಾಯಿಂಗ್ ಮಿಸ್ ಕರಿಹಲಗೆಯ ಮೇಲೆ ಒಂದು ಅಡ್ಡ ಮೊಟ್ಟೆ ಎಳೆದಳು. "ಪಕ್ಕದಿಂದ ನೋಡಿದ್ರೆ ಬಾಯಿ ಹೀಗೆ ಚಪ್ಪಟೆ ಆಗುತ್ತೆ. ಕೆಳಗೆ ಬಟ್ಟಲು. ಬಟ್ಟಲು ಬರೆಯೋಕೆ ಬರಲ್ಲ ಅನ್ನೋರಿಗೆ ಇವತ್ತು ಮನೇಲಿ ಬಟ್ಟಲು ಕೊಡಲ್ಲ, ನೆಲದ ಮೇಲೇ ಊಟ."

"ನನಗೆ ಉಪವಾಸ ಮಿಸ್, ನನಗೆ ಹೇಗೂ ಊಟ ಇಲ್ಲ," ಎಂದ ಮುಂದಿನ ಹಲ್ಲು ಬಿದ್ದ ಹುಡುಗ.

"ಸುಳ್ಳು ಮಿಸ್! ಈಗ ತಾನೆ ಬಿಸ್ಕತ್ತು ತಿಂದ."

"ಅದು ಅರ್ಧ ಉಪವಾಸ ಕಣೋ. ನಮ್ಮಪ್ಪನೇ ಹೇಳಿದ್ದಾರೆ."

ಮಕ್ಕಳೆಲ್ಲ ನಕ್ಕರು, ಮಿಸ್ ಕೂಡ ನಕ್ಕಳು. ನಗು ತುಟಿಯಿಂದ ಕೆಳಗೆ ಇಳಿಯಲಿಲ್ಲ ಅಷ್ಟೆ.

ಅದು ಲೈಬ್ರರಿಯ ಹಿಂದಿನ ಕೋಣೆ. ಹರಿದ ಪುಸ್ತಕಗಳಿಗೆ ಅಂಟು ಹಾಕುವ ಉದ್ದನೆಯ ಮೇಜನ್ನು ಶನಿವಾರ ಮಕ್ಕಳ ಡ್ರಾಯಿಂಗ್ ಕ್ಲಾಸಿಗೆ ಬಿಟ್ಟುಕೊಡುತ್ತಿದ್ದರು. ರಂಜಾನ್ ತಿಂಗಳು, ಈ ವಾರ ಮಕ್ಕಳ ಕೈಲಿ ನಗಾರಿ ಬರೆಸಿ, ಗೋಡೆಗೆ ಹಾಕೋಣ ಎಂದು ಲೈಬ್ರರಿ ಮೇಡಂ ಹೇಳಿದ್ದರು. ಅಷ್ಟೇ ಆಗಿದ್ದರೆ ಮಿಸ್ಸಿಗೆ ಕಷ್ಟವಿರಲಿಲ್ಲ. ಕ್ಲಾಸು ಮುಗಿಯುವ ಹೊತ್ತಿಗೆ ಸೀಟ್ ತಾತನೇ ನಗಾರಿ ಹಿಡಿದು ಬರುತ್ತಾರೆ, ಮಕ್ಕಳು ನಿಜವಾದದ್ದನ್ನೂ ನೋಡಿ ತಿದ್ದಿಕೊಳ್ಳಲಿ, ಎಂದು ಮೇಡಂ ಏರ್ಪಾಡನ್ನೂ ಮಾಡಿಬಿಟ್ಟಿದ್ದರು.

ಸೀಟ್ ತಾತ ಬಸ್ ಸ್ಟಾಪಿನ ಎದುರು ಕೂತು ಸ್ಕೂಟರು, ಸೈಕಲ್ಲುಗಳ ಸೀಟಿಗೆ ಹೊಸ ರೆಕ್ಸಿನ್ ಹೊಲಿದುಕೊಡುವವರು. ವರ್ಷವೆಲ್ಲ ಸೀಟು, ಈ ಒಂದು ತಿಂಗಳು ಮಾತ್ರ ನಗಾರಿ. ಪಾತ್ರೆಯಷ್ಟು ದೊಡ್ಡ ಹಿತ್ತಾಳೆಯ ಬಟ್ಟಲಿಗೆ ತೊಗಲು ಬಿಗಿದದ್ದು. ಅದನ್ನು ಕೊರಳಿಗೆ ತೂಗುಹಾಕಿಕೊಂಡು, ಗಿಡ್ಡ ಕೋಲಿನಿಂದ ಬಾರಿಸುತ್ತಾ ಕತ್ತಲಿರುವಾಗಲೇ ಬೀದಿಬೀದಿ ಸುತ್ತುವರು. ಉಪವಾಸ ಹಿಡಿಯುವವರು ಆ ಸದ್ದಿಗೆ ಎದ್ದು, ಬೆಳಕು ಹರಿಯುವ ಮುಂಚೆ ಸಹರಿಯ ಊಟ ಮುಗಿಸಿಕೊಳ್ಳುವರು.

ಆ ಸದ್ದು ಮಿಸ್ಸಿನ ಬೀದಿಗೆ ಬಾರದೆ ನಾಲ್ಕು ದಿನವಾಗಿತ್ತು. ಯಾಕೆ ಬರುತ್ತಿಲ್ಲ ಎನ್ನುವುದು ಇಡೀ ಬೀದಿಯಲ್ಲಿ ದೊಡ್ಡವರ ಪೈಕಿ ಒಬ್ಬಳಿಗೇ ಗೊತ್ತಿತ್ತು. ಆ ಒಬ್ಬಳು ಈಗ ಕರಿಹಲಗೆಯ ಮೇಲೆ ಬಟ್ಟಲಿನ ಒಂದು ಮಗ್ಗುಲಿಗೆ ನೆರಳು ತಿಕ್ಕುತ್ತಿದ್ದಳು.

ಆ ಸದ್ದು ಕಡೆಯದಾಗಿ ಬಂದ ರಾತ್ರಿ ಅವಳ ಕೈಗೂಸಿಗೆ ಹಲ್ಲು ಬರುತ್ತಿತ್ತು. ಗಂಡನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಪಾಳಿ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಮನೆಯನ್ನೇ ಅಳೆದದ್ದಾಗಿತ್ತು. ಕಡೆಗೂ ಅದು ಕಣ್ಣು ಮುಚ್ಚಿತು. ತೊಟ್ಟಿಲಿಗೆ ಹಾಕಿ, ಅದರ ಬೆನ್ನಡಿಯಿಂದ ಕೈಯನ್ನು ಕಳ್ಳಿಯ ಹಾಗೆ ಎಳೆದುಕೊಂಡು, ತಲೆಯನ್ನು ದಿಂಬಿಗೆ ತಾಗಿಸಿದ್ದಳೋ ಇಲ್ಲವೋ, ಕಿಟಕಿಯ ಕೆಳಗೇ ಢಂ ಢಂ ಢಂ. ಮಗು ಕಿಟಾರನೆ ಕಿರುಚಿತು. ಅವಳ ತಲೆಯೊಳಗೆ ಏನು ಕಿತ್ತುಬಂತೋ, ಕಿಟಕಿ ತೆರೆದು ಅರ್ಧ ಮೈ ಹೊರಗೆ ಹಾಕಿ ಕೂಗಿದಳು: "ಏಯ್, ಸಾಕು ಮಾಡೋ ಆ ಡಬ್ಬಾ ಬಡಿಯೋದನ್ನ! ಇಲ್ಲಿ ಮನುಷ್ಯರು ಮಲಗಿದ್ದಾರೆ!"

ಡಬ್ಬಾ ಅಂದದ್ದು ಒಂದು. ಅದಕ್ಕಿಂತ ಆ 'ಮಾಡೋ'. ಹಾಲು ಹಾಕುವ ಹುಡುಗನಿಗೂ ಅವಳು 'ಮಾಡಪ್ಪ' ಅನ್ನುವವಳು. ತನ್ನ ಅಪ್ಪನಿಗಿಂತ ಹಿರಿಯರಾದವರಿಗೆ 'ಮಾಡೋ' ಅಂದುಬಿಟ್ಟಿದ್ದಳು.

ತಾತ ತಲೆಯೆತ್ತಿ ನೋಡಿದರು. ಅಳುವ ಮಗುವಿನ ಬಾಯಿ ಮುಚ್ಚುವವರ ಹಾಗೆ ನಗಾರಿಯ ಮೇಲೆ ಅಂಗೈ ಇಟ್ಟು ನಡೆದುಹೋದರು. ಮಾರನೆಯ ದಿನ ಸದ್ದು ಬೀದಿಯ ತಿರುವಿನವರೆಗೆ ಬಂದು, ಅಲ್ಲೇ ಹೊರಳಿ, ಹಿಂದಿನ ಬೀದಿಗೆ ಹೋಯಿತು.

ಪೆಟ್ಟು ಬಿದ್ದದ್ದು ಅತ್ತೆಗೆ. ಅವರು ಒಳಕೋಣೆಯಲ್ಲಿ ಮಲಗುವವರು, ಕಿವಿ ಸ್ವಲ್ಪ ಮಂದ. ಸೊಸೆ ಕಿಟಕಿಯಲ್ಲಿ ಕೂಗಿದ್ದು ಅವರಿಗೆ ಕೇಳಿರಲಿಲ್ಲ, ಆದರೆ ನಗಾರಿ ಮಾತ್ರ ತಪ್ಪದೆ ಕೇಳುತ್ತಿತ್ತು. ಅವತ್ತು ಕಣ್ಣು ಬಿಟ್ಟಾಗ ಕಿಟಕಿ ಬೆಳ್ಳಗಾಗಿತ್ತು. ಒಂದು ಗುಟುಕು ನೀರೂ ಇಲ್ಲದೆ ಉಪವಾಸ ಹಿಡಿದರು.

"ಇವತ್ತೊಂದಿನ ಬಿಟ್ಬಿಡಿ ಅತ್ತೆ."

"ಬಿಡೋಕೆ ಅದೇನು ಬಸ್ಸಾ, ಹಿಂದೆ ಇನ್ನೊಂದು ಬರುತ್ತೆ ಅನ್ನೋಕೆ?"

ಎರಡನೆಯ ದಿನ ಮೊಮ್ಮಗಳು ಗುಬ್ಬಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟಳು. ಅದು ಕೂಗಿತು, ಅತ್ತೆ ನಿದ್ದೆಗಣ್ಣಲ್ಲೇ ಅದರ ಬಾಯಿ ಮುಚ್ಚಿ ಮಗ್ಗುಲು ಬದಲಿಸಿದರು. ಮೂರನೆಯ ದಿನ "ಮಗುಗೆ ಹೇಗೂ ಏಳ್ತೀನಲ್ಲ, ನಾನೇ ಎಬ್ಬಿಸ್ತೀನಿ" ಎಂದು ಸೊಸೆ ಮಾತು ಕೊಟ್ಟಳು. ಕೊಟ್ಟವಳು ಮಗುವಿಗೆ ಹಾಲು ಕುಡಿಸುತ್ತಾ ಕೂತಲ್ಲೇ ಗೋಡೆಗೆ ಒರಗಿ ಹೆಣದಂತೆ ನಿದ್ದೆಹೋದಳು. ನಾಲ್ಕನೆಯ ರಾತ್ರಿ ಅತ್ತೆ ಯಾರನ್ನೂ ನಂಬದೆ, ಮಲಗಿದರೆ ತಾನೆ ಏಳುವ ಚಿಂತೆ ಎಂದು, ಬೆಳಗಿನವರೆಗೂ ಕೂತೇ ಇದ್ದರು. ಹಾಲೂಡಿಸುವ ತಾಯಿ ಎಂದು ಉಪವಾಸದಿಂದ ಸೊಸೆಗೆ ವಿನಾಯಿತಿ ಕೊಟ್ಟವರೂ ಅವರೇ. ಅತ್ತೆಯ ಒಣಗಿದ ತುಟಿಯ ಎದುರು ಕೂತು ಕುಡಿಯಲಾರದೆ ಅವಳು ಚಹಾ ಲೋಟವನ್ನು ಅಡುಗೆಮನೆಗೆ ಒಯ್ಯುತ್ತಿದ್ದಳು.

ಹೇಳಿಬಿಡಬೇಕೆಂದು ನಾಲ್ಕು ದಿನವೂ ಬಾಯಿ ತೆರೆದಿದ್ದಳು. ಪ್ರತಿ ಸಲವೂ ಬೇರೇನೋ ಹೊರಬಿತ್ತು: ಸೋಪು ಮುಗಿದಿದೆ, ಗುಬ್ಬಿಯ ಶೂ ಹರಿದಿದೆ.

ಶುಕ್ರವಾರ ಸಂಜೆ ಬಾಗಿಲಲ್ಲಿ ಪಂಚಾಯಿತಿ ಸೇರಿತು. ಎದುರುಮನೆಯ ಟೈಲರಕ್ಕ, ಮೂಲೆಮನೆಯ ವ್ಯಾನ್ ಡ್ರೈವರ್, ನಡುವೆ ಅತ್ತೆ.

"ಹಿಂದಿನ ಬೀದಿಗೆ ಹೋಗ್ತಾರಂತೆ, ನಮ್ಮ ಬೀದಿಗೆ ಮಾತ್ರ ಬರಲ್ಲ. ನಾವೇನು ಪಾಪ ಮಾಡಿದ್ವಿ?" ಎಂದರು ಟೈಲರಕ್ಕ.

"ಅಜ್ಜಿ, ನನ್ನ ವ್ಯಾನಲ್ಲಿ ಸ್ಪೀಕರ್ ಇದೆ," ಎಂದ ಡ್ರೈವರ್. "ಒಂದು ಸುತ್ತು ಹಾಕಿದ್ರೆ ಸತ್ತವರೂ ಎದ್ದು ಕೂರ್ತಾರೆ."

"ಸತ್ತವರು ಏಳೋದು ಬೇಡಪ್ಪ, ನಮ್ಮ ಯಜಮಾನ್ರು ಎದ್ರೆ ಸಾಕು," ಎಂದರು ಟೈಲರಕ್ಕ.

ಅತ್ತೆ ಯೋಚಿಸಿದರು. "ಆ ತಾತನಿಗೂ ಒಂದು ಮಾತು ಹೇಳ್ಬೇಕಪ್ಪ. ಎಷ್ಟು ವರ್ಷದಿಂದ ಎಬ್ಬಿಸ್ತಿದ್ದಾರೆ. ನಾಳೆ ಲೈಬ್ರರಿಗೆ ಬರ್ತಾರಂತಲ್ಲ, ಅಲ್ಲೇ ಕೇಳೋಣ. ಆಗಲ್ಲ ಅಂದ್ರೆ ನಿನ್ನ ಸ್ಪೀಕರೇ ಇರಲಿ."

ಎಲ್ಲರೂ ಸೊಸೆಯ ಕಡೆ ನೋಡಿದರು, ಮಿಸ್ ಏನು ಹೇಳುತ್ತಾರೆ ಎಂದು. ಅವಳು ಮಗುವಿನ ಟೋಪಿ ಸರಿಮಾಡುತ್ತಾ ಹೇಳಿದಳು: "ಅವರಿಗೂ ವಯಸ್ಸಾಯ್ತಲ್ಲ, ಪಾಪ."

ಹೇಳಿದ ಮೇಲೆ ಅವಳಿಗೇ ತನ್ನ ನಾಲಿಗೆಯ ಮೇಲೆ ಹೇಸಿಗೆಯಾಯಿತು. ಬೈದದ್ದಕ್ಕಾದರೂ ನಿದ್ದೆಗೇಡಿನ ನೆಪವಿತ್ತು. ಈ 'ಪಾಪ'ಕ್ಕೆ ಯಾವ ನೆಪವೂ ಇರಲಿಲ್ಲ.

ಈಗ ಮಕ್ಕಳು ಬಗ್ಗಿ ಬರೆಯುತ್ತಿದ್ದರು. ಪೆನ್ಸಿಲ್ಲುಗಳ ಸರಸರ. ಮಿಸ್ ಮೇಜಿನ ಸುತ್ತ ನಡೆದಳು. ಒಬ್ಬನ ನಗಾರಿ ಚಹಾ ಕಪ್ಪಾಗಿತ್ತು, ಹಿಡಿ ಕೂಡ ಇತ್ತು. ಇನ್ನೊಬ್ಬಳು ತೊಗಲಿನ ಪಟ್ಟಿಗಳನ್ನು ಜಡೆ ಹಾಕಿ ತುದಿಗೆ ರಿಬ್ಬನ್ ಕಟ್ಟಿದ್ದಳು. ಹಲ್ಲು ಬಿದ್ದ ಹುಡುಗ ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದ್ದ: 'ಡಬ್ಬಾ'.

ಮಿಸ್ ನಿಂತಲ್ಲೇ ನಿಂತಳು. "ಇದೇನಪ್ಪಾ ಇದು?"

"ಹೆಸರು ಮಿಸ್. ಚಿತ್ರದ ಕೆಳಗೆ ಹೆಸರು ಬರೀಬೇಕು ಅಂತ ನೀವೇ ಹೇಳಿದ್ರಲ್ಲ."

"ಇದರ ಹೆಸರು ನಗಾರಿ. ಡಬ್ಬಾ ಅಂತ ಯಾರು ಹೇಳಿದ್ದು?"

"ಗುಬ್ಬಿ ಹೇಳಿದ್ಲು. ದೊಡ್ಡವರು ಇದಕ್ಕೆ ಡಬ್ಬಾ ಅಂತಾರಂತೆ."

ನೋಡಿದರೆ ಅವನೊಬ್ಬನೇ ಅಲ್ಲ, ಆ ಸಾಲಿನಲ್ಲಿ ಎಲ್ಲರೂ ಡಬ್ಬಾ ಎಂದೇ ಬರೆದಿದ್ದರು. ತಮಾಷೆಗಲ್ಲ, ಭಕ್ತಿಯಿಂದ, ಕಾಗುಣಿತ ತಪ್ಪದ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದಿದ್ದರು.

ಸಾಲಿನ ಕೊನೆಯಲ್ಲಿ ಗುಬ್ಬಿ. ಅವಳ ಹಾಳೆಯಲ್ಲಿ ನಗಾರಿ ಚೆನ್ನಾಗಿಯೇ ಇತ್ತು, ಅಡ್ಡ ಮೊಟ್ಟೆಯ ಬಾಯಿ, ಕೆಳಗೆ ಬಟ್ಟಲು. ಅದರ ಮೇಲೆ ಒಂದು ಕಿಟಕಿ. ಕಿಟಕಿಯಲ್ಲಿ ಕೂದಲು ಕೆದರಿದ ಒಬ್ಬ ಹೆಂಗಸು, ಒಂದು ಕೈ ಮುಂದೆ ಚಾಚಿ. ಅವಳಿಗೂ ಅದೇ ಬಾಯಿ, ಅಡ್ಡ ಮೊಟ್ಟೆ, ಒಳಗೆ ಕಪ್ಪು ತುಂಬಿದ್ದು.

"ಗುಬ್ಬೀ," ಮಿಸ್ಸಿನ ಧ್ವನಿ ಹಾಳೆಗಿಂತ ತೆಳುವಾಗಿತ್ತು. "ನಾನು ನಗಾರಿ ಮಾತ್ರ ಬರೀರಿ ಅಂದಿದ್ದೆ ಅಲ್ವಾ?"

"ಕಂಡಿದ್ದನ್ನ ಬರೀರಿ ಅಂದೆ ಅಮ್ಮಾ."

ಅವಳು ರಬ್ಬರ್ ತೆಗೆದುಕೊಂಡಳು. ಮಕ್ಕಳ ಚಿತ್ರಕ್ಕೆ ತಾನು ಕೈ ಹಾಕಬಾರದು ಎನ್ನುವುದು ಅವಳು ಇಷ್ಟು ವರ್ಷ ಮುರಿಯದ ನಿಯಮ. ಮಗಳ ಭುಜದ ಮೇಲಿನಿಂದ ಬಗ್ಗಿ ಕಿಟಕಿಯ ಹೆಂಗಸನ್ನು ತಿಕ್ಕಿದಳು, ತೋಳು, ಕೂದಲು, ಬಾಯಿ. ಬಾಯಿಗೆ ಪೆನ್ಸಿಲ್ ಒತ್ತಿ ತುಂಬಿದ್ದರಿಂದ ಅದು ಹೋಗಲಿಲ್ಲ, ಬೂದು ಮಸಿಯಾಗಿ ಹರಡಿತು. "ಗೋಡೆಗೆ ಹಾಕೋ ಚಿತ್ರ ಪುಟ್ಟಾ, ನೀಟಾಗಿರ್ಬೇಕು," ಎಂದಳು. ಗುಬ್ಬಿ ಅಳಲಿಲ್ಲ. ಹಾಳೆಯ ಮೇಲಿನ ರಬ್ಬರ್ ಪುಡಿಯನ್ನು ಊದಿ, ಅಮ್ಮನ ಮುಖ ನೋಡಿ, ಕಣ್ಣು ಕೆಳಗೆ ಮಾಡಿದಳು. ಆ ಕಣ್ಣು ಕೆಳಗಾದದ್ದು ತನ್ನ ಸಲುವಾಗಿ, ತನಗೆ ನಾಚಿಕೆಯಾಗದಿರಲಿ ಎಂದು, ಎನ್ನುವುದು ತಾಯಿಗೆ ಹೊಳೆದು ಕಿವಿಯ ತುದಿ ಸುಟ್ಟಿತು.

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಸೀಟ್ ತಾತ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ಗಡ್ಡ. ನಗಾರಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರೆಂದು ಕಾಣುತ್ತದೆ, ಹಿತ್ತಾಳೆ ಥಳಥಳ ಹೊಳೆಯುತ್ತಿತ್ತು. ಮಿಸ್ ಕುರ್ಚಿ ಎಳೆದು, "ಬನ್ನಿ, ಕೂತ್ಕೊಳ್ಳಿ," ಎಂದಳು. ಅವರು ಕುರ್ಚಿಗೆ ಮಾತ್ರ ತಲೆಯಾಡಿಸಿ ಕೂತರು.

ಮಕ್ಕಳು ಮುತ್ತಿಕೊಂಡರು. "ತಾತ ತಾತ, ನಿಮ್ಮ ಡಬ್ಬಾ ಮುಟ್ಟಿ ನೋಡ್ಲಾ?" ಎಂದ ಹಲ್ಲು ಬಿದ್ದವನು.

ತಾತನ ಕೈ ನಗಾರಿಯ ಮೇಲೆ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ನಕ್ಕರು. "ಮುಟ್ಟಪ್ಪ. ಡಬ್ಬಾನೇ ಅಂತಿಟ್ಕೋ. ಒಳಗೇನೂ ಇಲ್ಲ, ನನ್ನ ತಲೆ ಥರ."

ಮಕ್ಕಳು ಹೊಟ್ಟೆ ಹಿಡಿದು ನಗುತ್ತಿರುವಾಗಲೇ ಅತ್ತೆ ಒಳಬಂದರು, ಸೊಂಟದಲ್ಲಿ ಮಗು. ಹಿಂದೆ ವ್ಯಾನ್ ಡ್ರೈವರ್, ಹಲ್ಲು ಬಿದ್ದ ಮಗನನ್ನು ಕರೆದೊಯ್ಯಲು. ಅತ್ತೆಯ ಮುಖ ಉಪವಾಸದಿಂದ ಇಳಿದುಹೋಗಿತ್ತು, ಆದರೂ ಮಾತು ಮೆತ್ತಗಿತ್ತು.

"ಅಣ್ಣಾ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಮ್ಮ ಬೀದಿನ ಯಾಕೆ ಬಿಟ್ಬಿಟ್ರಿ? ನಾಲ್ಕು ದಿನ ಆಯ್ತು, ಬೀದಿಯವರಿಗೆ ನೆಟ್ಟಗೆ ಸಹರಿ ಅನ್ನೋದೇ ಇಲ್ಲ."

ಮಿಸ್ಸಿನ ಕೈಲಿದ್ದ ಸೀಮೆಸುಣ್ಣ ಬೆವರಿಗೆ ಅಂಟಿತು. ಈಗ ಬೀಳುತ್ತದೆ, ಬೀಳಲಿ, ಅವರ ಬಾಯಿಂದಲೇ ಬಿದ್ದರೆ ತನಗೆ ಹೇಳುವ ಕಷ್ಟ ತಪ್ಪಿತು ಎಂದುಕೊಂಡಳು.

ತಾತ ನಗಾರಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. "ನಿದ್ದೆ ಹತ್ತಿಬಿಡ್ತಮ್ಮಾ. ಮುಂಚಿನ ಹಾಗೆ ಕಾಲು ನಡೆಯಲ್ಲ. ವಯಸ್ಸಾಯ್ತಲ್ಲ."

"ಹಾಗಾದ್ರೆ ನೀವು ಆರಾಮಾಗಿ ಮಲಗಿ ತಾತ," ಎಂದ ಡ್ರೈವರ್, ಒಳ್ಳೆಯ ಮನಸ್ಸಿನಿಂದಲೇ. "ನಾಳೆಯಿಂದ ನಾನು ವ್ಯಾನಲ್ಲಿ ಸ್ಪೀಕರ್ ಹಾಕಿ ಎಲ್ಲ ಬೀದಿನೂ ಸುತ್ತುತೀನಿ."

"ಎಲ್ಲ ಬೀದಿನಾ?" ತಾತ ಕೇಳಿದರು.

"ಒಂದಕ್ಕೆ ಹೋದ ಮೇಲೆ ಎಲ್ಲದಕ್ಕೂ ಹೋದ ಹಾಗೇ ಅಲ್ವಾ?"

"ಹೂಂ. ಆಗಲಿಬಿಡಪ್ಪ," ಎಂದರು ತಾತ. ಕೊರಳಿನ ಪಟ್ಟಿಯನ್ನು ಬಿಚ್ಚಿ ನಗಾರಿಯನ್ನು ಮೇಜಿನ ಮೇಲಿಟ್ಟರು.

ಇಷ್ಟೇ. ಯಾರೂ ಅವಳ ಕಡೆ ನೋಡಲಿಲ್ಲ. ತಾನು ನಿನ್ನೆ ಹೇಳಿದ ಸುಳ್ಳನ್ನೇ ಅವರು ಎತ್ತಿ ಹೆಗಲಿಗೆ ಹಾಕಿಕೊಂಡಿದ್ದರು. ಸುಮ್ಮನಿದ್ದರೆ ಸಾಕು, ಎಲ್ಲ ಮುಗಿದುಹೋಗುತ್ತಿತ್ತು. ಅತ್ತೆಗೆ ಸ್ಪೀಕರಿನಿಂದ ಎಚ್ಚರವಾಗುತ್ತಿತ್ತು. ಅವಳ ಮಾನ ಉಳಿಯುತ್ತಿತ್ತು. ತಾತನಿಗೆ ಮಾತ್ರ ಈ ತಿಂಗಳೂ ಸೀಟೇ ಗತಿಯಾಗುತ್ತಿತ್ತು.

"ಅವರು ಮಲಗಿರಲಿಲ್ಲ ಅತ್ತೆ."

ಮಾತು ಹೊರಗೆ ಬಂದ ಮೇಲೆ ಅದು ತನ್ನದೆಂದು ಗೊತ್ತಾಯಿತು.

"ಏನಂದೆ?" ಅತ್ತೆ ಕಿವಿಯನ್ನು ಈ ಕಡೆ ತಿರುಗಿಸಿದರು. ಮಂದ ಕಿವಿ. ಇನ್ನೊಮ್ಮೆ ಹೇಳಬೇಕು, ಇನ್ನೂ ಗಟ್ಟಿಯಾಗಿ, ಎಲ್ಲ ಮಕ್ಕಳೆದುರು.

"ಅವರು ಬಂದಿದ್ರು. ಮಗು ಎದ್ದುಬಿಡ್ತು ಅಂತ ನಾನು ಕಿಟಕಿಯಿಂದ ಬೈದೆ. ಡಬ್ಬಾ ಬಡಿಯೋದು ಸಾಕು ಮಾಡೋ ಅಂದೆ. ಏಕವಚನದಲ್ಲಿ. ಅದಕ್ಕೇ ಅವರು ಬರ್ತಿಲ್ಲ. ನಾಲ್ಕು ದಿನದಿಂದ ನನಗೆ ಗೊತ್ತಿತ್ತು, ಹೇಳಿಲ್ಲ. ನಿನ್ನೆ ವಯಸ್ಸಾಯ್ತು ಅಂದಿದ್ದೂ ನಾನೇ." ತಾತನ ಕಡೆ ತಿರುಗಿದಳು. "ತಪ್ಪಾಯ್ತು. ಡಬ್ಬಾ ಅಂದಿದ್ದು ತಪ್ಪು. ಹೋಗೋ ಬಾರೋ ಅಂದಿದ್ದು ಅದಕ್ಕಿಂತ ತಪ್ಪು."

ಅತ್ತೆ ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದರು. ಡ್ರೈವರ್ ತನ್ನ ಮಗನ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ.

ತಾತ ಮೊದಲ ಬಾರಿಗೆ ಅವಳ ಮುಖ ನೋಡಿದರು.

"ಡಬ್ಬಾ ಅಂದಿದ್ದಕ್ಕೆ ನನಗೇನೂ ಇಲ್ಲ ಮಿಸ್. ಕಲ್ಲು ಎಸೆದೋರಿದ್ದಾರೆ, ನೀರು ಸುರಿದೋರಿದ್ದಾರೆ. ನಿದ್ದೆಗೆಟ್ಟೋರ ಬಾಯಲ್ಲಿ 'ಬಾರೋ ಹೋಗೋ' ಬರೋದೂ ಇದ್ದದ್ದೇ." ಬಿಚ್ಚಿದ ಪಟ್ಟಿಯನ್ನು ಸುತ್ತಿ ನಗಾರಿಯ ಪಕ್ಕ ಇಟ್ಟರು. "ಇಲ್ಲಿ ಮನುಷ್ಯರು ಮಲಗಿದ್ದಾರೆ ಅಂದ್ರಲ್ಲ ನೀವು. ಅದು ಮಾತ್ರ ಮನಸಿಂದ ಹೋಗ್ಲಿಲ್ಲ. ಮನುಷ್ಯರು ಮಲಗಿದ್ರೆ, ಎದ್ದು ಓಡಾಡ್ತಿರೋ ನಾನು ಯಾರು?"

ನಾಲ್ಕು ದಿನ ಆ ಮಾತುಗಳನ್ನು ಹಗಲೂ ರಾತ್ರಿ ಉರುಳಿಸಿ ಉರುಳಿಸಿ ನೋಡಿದ್ದಳು, ಯಾವುದು ಎಷ್ಟು ತಪ್ಪು ಎಂದು ತೂಗಿದ್ದಳು. ಇದನ್ನು ತಪ್ಪಿನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಡಿದ್ದು ನೆನಪಿತ್ತು, ಅದರಲ್ಲಿ ಒಬ್ಬ ಮನುಷ್ಯನಿದ್ದದ್ದು ನೆನಪಿರಲಿಲ್ಲ. ಕ್ಷಮೆ ಕೇಳಿದ್ದು ಒಂದಕ್ಕೆ, ಗಾಯ ಇದ್ದದ್ದು ಇನ್ನೊಂದು ಕಡೆ.

"ಸ್ಪೀಕರ್ ಬೇಡ ಕಣಪ್ಪ," ಎಂದರು ಅತ್ತೆ ಡ್ರೈವರಿಗೆ, ಸೊಸೆಯ ಕಡೆ ನೋಡದೆ. ಆಮೇಲೆ ತಾತನಿಗೆ: "ಅಣ್ಣಾ, ಇವಳ ಪರವಾಗಿ ನಾನು..."

"ಬೇಡಮ್ಮಾ. ಅವರ ಪರವಾಗಿ ಅವರು ಹೇಳಿದ್ದಾರೆ." ತಾತ ಎದ್ದರು. "ನಿಮ್ಮ ಹೊಟ್ಟೆ ಖಾಲಿ ಇತ್ತು ಅಂತ ನನಗೂ ತಿಳೀಲಿಲ್ಲ. ನನ್ನ ಸಿಟ್ಟಿಗೆ ಇಡೀ ಬೀದಿ ಉಪವಾಸ ಬಿತ್ತು. ನಾಳೆ ಬರ್ತೀನಿ." ಮೇಜಿನ ಮೇಲಿನ ನಗಾರಿಯನ್ನು ಮಿಸ್ಸಿನ ಕಡೆಗೆ ಸರಿಸಿದರು. "ಅಂಗಡೀಲಿ ಸೀಟು ಬಿಚ್ಚಿಟ್ಟು ಬಂದಿದ್ದೀನಿ, ಗಿರಾಕಿ ಕಾಯ್ತಿದ್ದಾನೆ. ಮಕ್ಕಳು ನೋಡಿ ಬರೀಲಿ. ಮುಗಿದ ಮೇಲೆ ನೀವೇ ತಂದುಕೊಡಿ. ಬೇರೆ ಯಾರ ಕೈಲೂ ಕಳಿಸಬೇಡಿ."

ಕ್ಷಮಿಸಿದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು.

ಅತ್ತೆ ಗುಬ್ಬಿಯ ಕೈ ಹಿಡಿದರು. "ಮನೆಗೆ ಬಾ, ಮಾತಾಡೋಣ," ಎಂದರು ಸೊಸೆಗೆ. ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ಕ್ಲಾಸು ಮುಗಿದ ಮೇಲೆ ಮಿಸ್ ನಗಾರಿಯನ್ನು ಎರಡೂ ತೋಳಲ್ಲಿ ಅವುಚಿಕೊಂಡು ಹೊರಟಳು. ಚೀಲಕ್ಕೆ ಹಿಡಿಯಲಿಲ್ಲ, ಸೆರಗಿನಲ್ಲಿ ಮುಚ್ಚಿದರೂ ಹೊಳಪು ಇಣುಕುತ್ತಿತ್ತು. ಬಸ್ ಸ್ಟಾಪಿಗೆ ದಾರಿ ಇದ್ದದ್ದು ಅವಳ ಬೀದಿಯ ಮೂಲಕವೇ. ನಡೆದಾಗಲೆಲ್ಲ ಬಳೆ ತೊಗಲಿಗೆ ತಾಗಿ ಅದು ಗುಂಯ್ ಎನ್ನುತ್ತಿತ್ತು. ಆ ಸದ್ದಿಗೆ ಕಿಟಕಿಗಳಿಂದ ತಲೆಗಳು ಹೊರಬಂದವು.

ಟೈಲರಕ್ಕ ಮೆಟ್ಟಿಲ ಬಳಿಯೇ ಮಿಷನ್ ಹಾಕಿಕೊಂಡು ಹೊಲಿಯುತ್ತಿದ್ದರು. ಕಾಲು ನಿಲ್ಲಿಸದೆ ಕೇಳಿದರು: "ಏನ್ ಮಿಸ್, ನಗಾರಿ ನಿಮ್ಮ ಕೈಗೆ ಬಂದ್ಬಿಡ್ತಾ? ತಾತ ಪೂರ್ತಿ ಬಿಟ್ಟೇಬಿಟ್ರಾ?"

"ಇಲ್ಲಕ್ಕ. ನಾನೇ ಬಿಡಿಸಿದ್ದು."

"ಓ, ಮಕ್ಕಳ ಕ್ಲಾಸಿಗಾ! ಗುಬ್ಬಿ ಹೇಳ್ತಿದ್ಲು. ನೀವು ಬಿಡಿಸಿದ ಮೇಲೆ ಕೇಳ್ಬೇಕಾ, ಎಷ್ಟು ಚೆಂದ ಬಿಡಿಸಿರ್ತೀರೋ! ಗೋಡೆಗೆ ಹಾಕಿದಾಗ ಹೇಳಿ, ನೋಡ್ಕೊಂಡು ಬರ್ತೀನಿ."

ಮಿಸ್ ನಕ್ಕು ಎರಡು ಹೆಜ್ಜೆ ಮುಂದೆ ಹೋದಳು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಕನ್ನಡವೇ ಹಿಂಬಾಗಿಲು ತೆರೆದು ಬಾ ಎಂದು ಕರೆದಿತ್ತು. ಹಿಂದೆ ಮಿಷನ್ನಿನ ಸದ್ದು ಟಕಟಕ ಎಂದು ನಿಶ್ಚಿಂತೆಯಿಂದ ಓಡುತ್ತಿತ್ತು. ಆ ಮಿಷನ್ನು ತುಳಿಯುವ ಕಾಲು ನಾಲ್ಕು ದಿನದಿಂದ ಬರಿಹೊಟ್ಟೆಯಲ್ಲಿ ತುಳಿಯುತ್ತಿತ್ತು.

ಅವಳು ತಿರುಗಿ ಬಂದು ಮೆಟ್ಟಿಲ ಬಳಿ ನಿಂತಳು.

"ಚಿತ್ರ ಬಿಡಿಸಿದ್ದಲ್ಲ ಅಕ್ಕ. ತಾತನ ಕೈಯಿಂದ ನಗಾರಿ ಬಿಡಿಸಿದ್ದು. ಅವರು ನಮ್ಮ ಬೀದಿಗೆ ಬರದೇ ಇದ್ದಿದ್ದು ನನ್ನಿಂದ."

ಮಿಷನ್ನು ನಿಂತಿತು. ಟೈಲರಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನನ್ನು ತೆಗೆದು, "ಏನಾಯ್ತು, ಸರಿಯಾಗಿ ಹೇಳಿ," ಎಂದರು. ಅವಳು ಮೊದಲಿಂದ ಹೇಳಿದಳು. ಈ ಸಲ ಮನುಷ್ಯರು ಮಲಗಿದ್ದಾರೆ ಎಂದದ್ದನ್ನೂ ಬಿಡದೆ ಹೇಳಿದಳು. ಹೇಳಿ ಮುಗಿಸಿ ಬೀದಿಯ ಕಡೆ ನೋಡಿದರೆ ಇನ್ನೂ ಅರ್ಧ ಮನೆಗಳು ಬಾಕಿ ಇದ್ದವು, ಎಲ್ಲ ಬಾಗಿಲೂ ತೆರೆದಿದ್ದವು.